ಹುಲ್ಲಿಗೆ ಸಿಗುವ ತುಟ್ಟಿಭತ್ಯೆ

(ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿದ್ಯಾರ್ಥಿಗಳು, ಅವರ ಮೇಷ್ಟ್ರುಗಳು, ಜತೆಗೆ ಊರಿನ ಕೆಲವು ಹೈನುಗಾರರು ಕೂತಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಕೊಡಲಾಗದು, ಆದ್ದರಿಂದ ಅಲ್ಲಲ್ಲಿ ನಾಲ್ಕು ಮಾತು ಸೇರಿಸಿದ್ದೇನೆ.)

ಮೇಜಿನ ಮೇಲೆ ಎರಡು ಕುಂಡ ಇಟ್ಟಿದ್ದೇನೆ. ಎರಡರಲ್ಲೂ ಗರಿಕೆ, ಗಣಪತಿಗೆ ಏರಿಸುವ ಅದೇ ಗರಿಕೆ. ಇವು ಎರಡು ಗಿಡವೋ, ಒಂದೇ ಗಿಡವೋ? ಕೈ ಎತ್ತಿ ನೋಡೋಣ. ಎರಡು ಎನ್ನುವವರೇ ಜಾಸ್ತಿ. ಆದರೆ ಇದು ನಮ್ಮ ಮನೆ ಹಿತ್ತಲಿನ ಒಂದೇ ಹಂಬನ್ನು ನಿನ್ನೆ ಸಂಜೆ ಕತ್ತರಿಯಲ್ಲಿ ಎರಡು ತುಂಡು ಮಾಡಿ ನೆಟ್ಟಿದ್ದು. ಕುಂಡ ಎರಡು, ಒಳಗಿನ ವಂಶವಾಹಿಗಳ ಕಟ್ಟು ಒಂದೇ. ಆ ಕಟ್ಟಿಗೆ ಜೀನೋಟೈಪ್ ಎನ್ನುತ್ತಾರೆ. ಬೀಜದಿಂದ ಹುಟ್ಟಿದ ಎರಡು ಗಿಡಗಳು ಅಣ್ಣತಮ್ಮಂದಿರ ಹಾಗೆ ಹೋಲಬಹುದು, ಒಂದೇ ಆಗಿರುವುದಿಲ್ಲ. ಹಂಬಿನ ತುಂಡು ಹಾಗಲ್ಲ, ಅದು ಅದೇ ಗಿಡ.

ಇವತ್ತಿನ ಮಾತೆಲ್ಲ ಈ ಎರಡು ಕುಂಡದ ಮೇಲೆ ನಿಂತಿದೆ. ಒಂದು ಕುಂಡವನ್ನು ಇವತ್ತಿನ ಗಾಳಿಯಲ್ಲಿ, ಇನ್ನೊಂದನ್ನು ಐವತ್ತು ವರ್ಷದ ನಂತರ ಬರಬಹುದಾದ ಗಾಳಿಯಲ್ಲಿ ಬೆಳೆಸಿದೆವು ಅನ್ನಿ. ಗಿಡ ಒಂದೇ ಆದ್ದರಿಂದ ಬೆಳವಣಿಗೆಯಲ್ಲಿ ಕಂಡ ವ್ಯತ್ಯಾಸ ಗಾಳಿಯದೇ. ಇದೇ ಕೆಲಸವನ್ನು ಹತ್ತು ಬೇರೆ ಬೇರೆ ಗರಿಕೆ ಬುಡಗಳಲ್ಲಿ ಮಾಡಿದರೆ ಇನ್ನೊಂದು ಪ್ರಶ್ನೆ ಕೇಳಬಹುದು: ಹತ್ತೂ ಬುಡಗಳು ಹೊಸ ಗಾಳಿಗೆ ಒಂದೇ ರೀತಿ ಸ್ಪಂದಿಸುತ್ತವೆಯೇ, ಅಥವಾ ಕೆಲವು ಹೆಚ್ಚು ಲಾಭ ಮಾಡಿಕೊಳ್ಳುತ್ತವೆಯೇ?

ಗಾಳಿ ಅಂದೆನಲ್ಲ, ಅದರ ಲೆಕ್ಕ ಬೇಗ ಮುಗಿಸುತ್ತೇನೆ, ನಿಮಗೆ ಗೊತ್ತಿರುವುದೇ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಶುರುಮಾಡಿದಾಗ ಅದು ಸುಮಾರು 315 ಪಿಪಿಎಂ ಇತ್ತು, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 315 ಪಾಲು. ಕಾರ್ಖಾನೆಗಳ ಯುಗಕ್ಕೆ ಮುಂಚೆ 280ರ ಆಸುಪಾಸು. ಈಗ 420 ದಾಟಿದೆ.

ಇದು ಹುಲ್ಲಿಗೆ ಯಾಕೆ ಮುಖ್ಯ? ಎಲೆಯೊಳಗೆ ರುಬಿಸ್ಕೋ ಎಂಬ ಕಿಣ್ವ ಇದೆ. ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆ ಮಾಡುವ ದಾರಿಗೆ ಹಾಕುವುದು ಅದರ ಕೆಲಸ. ಆದರೆ ಅದು ಕಣ್ಣು ಮಂಜಾದ ಗುಮಾಸ್ತನ ಹಾಗೆ. ಇಂಗಾಲದ ಡೈಆಕ್ಸೈಡ್ ಎಂದುಕೊಂಡು ಆಮ್ಲಜನಕವನ್ನೇ ಹಿಡಿದುಬಿಡುತ್ತದೆ, ಆಮೇಲೆ ಆ ತಪ್ಪನ್ನು ತಿದ್ದಲು ಗಿಡ ಶಕ್ತಿ ಸುರಿಯಬೇಕು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಈ ತಪ್ಪು ಕಡಿಮೆಯಾಗುತ್ತದೆ. ಜತೆಗೆ ಎಲೆಯ ರಂಧ್ರಗಳನ್ನು ಅಷ್ಟು ಅಗಲವಾಗಿ ತೆರೆದಿಡಬೇಕಿಲ್ಲ, ನೀರೂ ಉಳಿಯುತ್ತದೆ. ಭತ್ತ, ಗೋಧಿ, ಯೂರೋಪಿನ ಹುಲ್ಲುಗಳು ಈ ಗುಂಪಿನವು, ಸಿ3 ಎನ್ನುತ್ತೇವೆ. ರಾಗಿ, ಜೋಳ, ಸಜ್ಜೆ, ಕಬ್ಬು, ಮೆಕ್ಕೆಜೋಳ ಮತ್ತು ಈ ಗರಿಕೆ ಸಿ4. ಇವು ರುಬಿಸ್ಕೋ ಸುತ್ತ ಇಂಗಾಲವನ್ನು ಮೊದಲೇ ಪಂಪು ಹೊಡೆದು ತುಂಬಿಸಿಕೊಂಡಿರುತ್ತವೆ. ಹಾಗಾಗಿ ಹೊರಗಿನ ಗಾಳಿಯಲ್ಲಿ ಎಷ್ಟು ಹೆಚ್ಚಿದರೂ ಸಿ4ಗೆ ನೇರ ಲಾಭ ಕಡಿಮೆ ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಎಂದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಜೂರಿಕ್ ಹತ್ತಿರದ ಎಶಿಕಾನ್‌ಗೆ ಹೋಗೋಣ. ಸ್ವಿಟ್ಜರ್ಲೆಂಡಿನ ಆ ಹುಲ್ಲು ಬಯಲಲ್ಲಿ 1993ರಿಂದ 2002ರವರೆಗೆ ಹತ್ತು ಹಂಗಾಮು ಒಂದು ಪ್ರಯೋಗ ನಡೆಯಿತು. ಗಾಜಿನ ಮನೆ ಇಲ್ಲ, ಪ್ಲಾಸ್ಟಿಕ್ ಹೊದಿಕೆ ಇಲ್ಲ. 18 ಮೀಟರ್ ಅಡ್ಡಳತೆಯ ವೃತ್ತ, ಅದರ ಅಂಚಿನುದ್ದಕ್ಕೂ ನಿಲ್ಲಿಸಿದ ಕೊಳವೆಗಳು, ಕೊಳವೆಗಳಲ್ಲಿ ತೂತುಗಳು. ಮಧ್ಯದಲ್ಲಿ ಗಾಳಿಯ ದಿಕ್ಕು, ವೇಗ, ಇಂಗಾಲದ ಮಟ್ಟ ಅಳೆಯುವ ಉಪಕರಣ. ಗಾಳಿ ಪಶ್ಚಿಮದಿಂದ ಬೀಸಿದರೆ ಪಶ್ಚಿಮದ ಕೊಳವೆಗಳಷ್ಟೇ ಅನಿಲ ಬಿಡುತ್ತವೆ, ಅದು ಹುಲ್ಲಿನ ಮೇಲೆ ಹಾದು ಆಚೆ ಹೋಗುತ್ತದೆ. ದಿಕ್ಕು ಬದಲಾದರೆ ಕಂಪ್ಯೂಟರು ಬೇರೆ ಕೊಳವೆ ತೆರೆಯುತ್ತದೆ. ಮಳೆ, ಬಿಸಿಲು, ಹುಳುಹುಪ್ಪಟೆ ಎಲ್ಲ ಮಾಮೂಲಿನಂತೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಏರ್ಪಾಡಿಗೆ ಫೇಸ್ ಎಂದು ಹೆಸರು, ಬಯಲು ಗಾಳಿಯಲ್ಲೇ ಇಂಗಾಲದ ಡೈಆಕ್ಸೈಡ್ ಹೆಚ್ಚಿಸುವುದು ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಎಶಿಕಾನ್‌ನಲ್ಲಿ ಇಂಥ ವೃತ್ತ ಮೂರು, ಅನಿಲ ಬಿಡದ ಜೋಡಿ ವೃತ್ತ ಮೂರು. ಒಳಗಿನ ಗಾಳಿ 600 ಪಿಪಿಎಂ, ಹೊರಗಿನದು ಆಗಿನ ಮಾಮೂಲು, ಸುಮಾರು 350.

ಅಲ್ಲಿ ಆಂಡ್ರಿಯಾಸ್ ಲೂಷರ್ ಮತ್ತು ಸಂಗಡಿಗರು ಮಾಡಿದ ಕೆಲಸವನ್ನು 1998ರಲ್ಲಿ ಪ್ರಕಟಿಸಿದರು. ನನಗೆ ಅದು ಯಾಕೆ ಇಷ್ಟ ಎಂದರೆ ಅದರ ಶಿಸ್ತಿಗೆ. ಫಲವತ್ತಾದ ಹುಲ್ಲುಗಾವಲಿನ 12 ಬಹುವಾರ್ಷಿಕ ಜಾತಿಗಳು. ಏಳು ಹುಲ್ಲು: ಅವರ ಮುಖ್ಯ ಮೇವಾದ ರೈ ಹುಲ್ಲು, ಇಟಾಲಿಯನ್ ರೈ ಹುಲ್ಲು, ಕಾಕ್ಸ್‌ಫೂಟ್, ಫೆಸ್ಕ್ಯೂ ಮುಂತಾದವು. ದ್ವಿದಳದ ಎರಡು: ಬಿಳಿ ಕ್ಲೋವರ್, ಕೆಂಪು ಕ್ಲೋವರ್. ಮೂರನೇ ಗುಂಪಿನಲ್ಲಿ ಹುಲ್ಲೂ ಅಲ್ಲದ, ಬೇರುಗಂಟೂ ಇಲ್ಲದ ಮೂರು ಅಗಲ ಎಲೆಯ ಗಿಡಗಳು: ಹುಳಿ ಎಲೆಯ ರೂಮೆಕ್ಸ್ ಎರಡು ಬಗೆ, ಹಳದಿ ಹೂವಿನ ರನನ್‌ಕ್ಯುಲಸ್ ಒಂದು. ಪ್ರತಿ ಜಾತಿಯಿಂದ 9ರಿಂದ 14 ಬೇರೆ ಬೇರೆ ಜೀನೋಟೈಪ್. ನನ್ನ ಗರಿಕೆಯ ಹಾಗೆ ಒಂದೊಂದನ್ನೂ ಎರಡೂ ಗಾಳಿಯಲ್ಲಿ, ಅದೂ ಖಾಲಿ ಮಣ್ಣಿನಲ್ಲಲ್ಲ, ದಟ್ಟವಾಗಿ ಬೆಳೆದ ರೈ ಹುಲ್ಲಿನ ನಡುವೆ ಬೆಳೆಸಿದರು. ಪೈಪೋಟಿ ಬೇಕಲ್ಲ. ವರ್ಷಕ್ಕೆ ಮೂರು ಸಲ ನೆಲದಿಂದ ನಾಲ್ಕೂವರೆ ಸೆಂಟಿಮೀಟರ್ ಬಿಟ್ಟು ಮೇಲಿನದನ್ನು ಕೊಯ್ದು ಇಳುವರಿ ಅಳೆದರು. ಮೂರು ವರ್ಷ.

ಎಷ್ಟು ಬೇಸರದ ಕೆಲಸ ಇದು ಎಂದು ರಾಗಿ ಪ್ರಯೋಗದಲ್ಲಿ ತೆಂಡೆ ಎಣಿಸಿದವರಿಗೆ ಗೊತ್ತು. ನೂರಕ್ಕೂ ಹೆಚ್ಚು ಜೀನೋಟೈಪುಗಳು, ಒಂದೊಂದರ ತುಂಡುಗಳು ಯಾವ ವೃತ್ತದ ಯಾವ ಮೂಲೆಯಲ್ಲಿವೆ ಎಂಬ ನಕ್ಷೆ, ಪಕ್ಕದ ರೈ ಹುಲ್ಲಿನ ಎಸಳು ಸೇರಿಕೊಳ್ಳದ ಹಾಗೆ ಕೊಯ್ಯುವುದು.

ಫಲಿತಾಂಶ ಹೇಳುವ ಮುಂಚೆ ಹಿಂದಿನ ಸಾಲಿನಲ್ಲಿರುವ ಸರ್ಕಾರಿ ನೌಕರರಿಗೆ ಒಂದು ಪ್ರಶ್ನೆ. ತುಟ್ಟಿಭತ್ಯೆ ಏರಿದಾಗ ನಿಮ್ಮ ಕಚೇರಿಯಲ್ಲಿ ಯಾರಾದರೂ ಯಾರನ್ನಾದರೂ ಹಿಂದಿಕ್ಕುತ್ತಾರೆಯೇ? ಇಲ್ಲ. ಎಲ್ಲರಿಗೂ ಒಂದೇ ಶೇಕಡಾ. ದೊಡ್ಡ ಸಂಬಳದವರಿಗೆ ರೂಪಾಯಿ ಲೆಕ್ಕದಲ್ಲಿ ಹೆಚ್ಚು ಬಂದೀತು, ಆದರೆ ಒಟ್ಟು ಸಂಬಳದ ಬಾಬ್ತಿನಲ್ಲಿ ಯಾರ ಪಾಲೂ ಬದಲಾಗದು. ಒಬ್ಬರಿಗೆ ಶೇ 4, ಪಕ್ಕದವರಿಗೆ ಶೇ 30 ಕೊಟ್ಟರೆ ಮಾತ್ರ ಕಚೇರಿಯ ಲೆಕ್ಕಾಚಾರ ಬುಡಮೇಲು. ನಿಸರ್ಗದ ಆಯ್ಕೆಗೂ ಇದೇ ಲೆಕ್ಕ. ಇಂಗಾಲ ಹೆಚ್ಚಾದಾಗ ಎಲ್ಲ ಜೀನೋಟೈಪುಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ ಹುಲ್ಲು ಹೆಚ್ಚಾಗುತ್ತದೆ ಅಷ್ಟೇ, ಜಾತಿಯೊಳಗೆ ಯಾವುದರ ಪಾಲೂ ಬದಲಾಗುವುದಿಲ್ಲ. ಹೊಸ ಗಾಳಿಗೆ ತಕ್ಕ ತಳಿಯನ್ನು ನಿಸರ್ಗ ಆರಿಸಬೇಕಾದರೆ ಭತ್ಯೆ ಒಬ್ಬೊಬ್ಬರಿಗೆ ಒಂದೊಂದು ಥರ ಇರಬೇಕು. ನಿಮ್ಮ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಅಂತರಕ್ರಿಯೆ ಎಂದು ಹೇಳಿಕೊಡುವುದು ಇದನ್ನೇ. ನಾನು ಓದುವಾಗ ಇದನ್ನು ಬೋರ್ಡಿನ ಮೇಲೆ ಸೂತ್ರವಾಗಿ ಬರೆಸಿದ್ದರು, ಹತ್ತು ವರ್ಷ ತಲೆಗೆ ಹತ್ತಲಿಲ್ಲ. ಸಂಬಳದ ಚೀಟಿ ನೋಡಿದ ಮೇಲೆ ಹತ್ತಿತು.

ಈಗ ಫಲಿತಾಂಶ. ಗುಂಪು ಗುಂಪಿನ ನಡುವೆ ಭತ್ಯೆ ಭಾರಿ ಬೇರೆ. ಕ್ಲೋವರ್‌ಗಳಿಗೆ ಎಲ್ಲಕ್ಕಿಂತ ಹೆಚ್ಚು, ಹುಲ್ಲುಗಳಿಗೆ ಎಲ್ಲಕ್ಕಿಂತ ಕಡಿಮೆ, ಅಗಲ ಎಲೆಯವು ನಡುವೆ. ಅದೂ ಸ್ಥಿರವಾಗಿರಲಿಲ್ಲ. ಕ್ಲೋವರ್‌ಗಳ ಉತ್ಸಾಹ ಮೊದಲ ವರ್ಷದಿಂದ ಎರಡನೇ ವರ್ಷಕ್ಕೆ ಇಳಿಯಿತು, ರೂಮೆಕ್ಸ್ ಗುಂಪಿನದು ಮೂರು ವರ್ಷವೂ ಏರುತ್ತ ಹೋಯಿತು. ಹುಲ್ಲು ಮತ್ತು ಅಗಲ ಎಲೆಯವು ವಸಂತದಲ್ಲಿ ಹೂ ಕಟ್ಟುವ ಹೊತ್ತಿನಲ್ಲಿ ಹೆಚ್ಚು ಸ್ಪಂದಿಸಿದವು.

ಒಂದೇ ಜಾತಿಯ ಜೀನೋಟೈಪುಗಳ ನಡುವೆ? ಗಣನೀಯ ವ್ಯತ್ಯಾಸ ಸಿಗಲಿಲ್ಲ. ಇಲಾಖೆ ಇಲಾಖೆಗೆ ಭತ್ಯೆ ಬೇರೆ, ಇಲಾಖೆಯೊಳಗೆ ಎಲ್ಲರಿಗೂ ಒಂದೇ. ಆಯ್ಕೆ ಕೆಲಸ ಮಾಡಲು ಬೇಕಾದ ವೈವಿಧ್ಯ ತಮ್ಮ ಪ್ರಯೋಗದ ಸ್ಥಿತಿಯಲ್ಲಿ ಕಂಡುಬರಲಿಲ್ಲ ಎಂದು ಅವರು ಬರೆದರು. ತಮ್ಮ ಪ್ರಯೋಗದ ಸ್ಥಿತಿಯಲ್ಲಿ ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ.

ಕ್ಲೋವರ್ ಯಾಕೆ ಗೆದ್ದಿತು ಎಂಬುದು ಸುಲಭ. ಇಂಗಾಲ ಪುಕ್ಕಟೆ ಸಿಕ್ಕಿತು, ಆದರೆ ಅದನ್ನು ಎಲೆ ಮಾಡಲು ಸಾರಜನಕ ಬೇಕು. ಹುಲ್ಲಿಗೆ ಅದು ಮಣ್ಣಿನಿಂದಲೇ ಬರಬೇಕು. ಕ್ಲೋವರ್‌ನ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯಿಂದಲೇ ಹಿಡಿದುಕೊಡುತ್ತವೆ, ಅವಕ್ಕೆ ಕೂಲಿ ಸಕ್ಕರೆಯಲ್ಲಿ. ಇಂಗಾಲ ಹೆಚ್ಚಿದಾಗ ಸಕ್ಕರೆ ಧಾರಾಳ, ಕೂಲಿ ಧಾರಾಳ. ಅದೇ ಎಶಿಕಾನ್‌ನಲ್ಲಿ ಪ್ರತ್ಯೇಕ ತಾಕುಗಳಲ್ಲಿ ಬೆಳೆದಾಗ ಮೊದಲ ಮೂರು ವರ್ಷದ ಸರಾಸರಿಯಲ್ಲಿ ಬಿಳಿ ಕ್ಲೋವರ್ ಇಳುವರಿ ಶೇ 20 ಏರಿದರೆ ರೈ ಹುಲ್ಲಿನದು ಬರೀ ಶೇ 7. ಆದರೆ ಗೊಬ್ಬರ ಹೆಚ್ಚು ಕೊಟ್ಟ ತಾಕಿನಲ್ಲಿ ಅದೇ ರೈ ಹುಲ್ಲು ಹತ್ತು ವರ್ಷದಲ್ಲಿ ನಿಧಾನಕ್ಕೆ ಶೇ 7ರಿಂದ ಶೇ 32ಕ್ಕೆ ಬಂದು ನಿಂತಿತು. ಗೊಬ್ಬರ ಕಡಿಮೆ ಇದ್ದ ಕಡೆ ಹಾಗಾಗಲಿಲ್ಲ. ಮೂರು ವರ್ಷಕ್ಕೇ ತೀರ್ಪು ಕೊಟ್ಟಿದ್ದರೆ ರೈ ಹುಲ್ಲಿನ ವಿಷಯದಲ್ಲಿ ತಪ್ಪುತ್ತಿದ್ದೆವು.

ಇಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ತಡೆದು ಕೇಳಿದರು: "ಹಂಗಾದ್ರೆ ಮೇಷ್ಟ್ರೇ, ಮುಂದಕ್ಕೆ ಮೇವು ಜಾಸ್ತಿ ಆಯ್ತದೆ ಅಂತಾಯ್ತಲ್ಲ, ಒಳ್ಳೇದೇ ಅಲ್ವಾ?" ಒಳ್ಳೆಯ ಪ್ರಶ್ನೆ. ನಾನು ಕೊಟ್ಟ ಉತ್ತರ ಇದು: ತೂಕ ಹೆಚ್ಚಬಹುದು ಯಜಮಾನರೇ, ಆದರೆ ಎಲೆಯಲ್ಲಿ ಸಕ್ಕರೆ, ಪಿಷ್ಟ ತುಂಬಿಕೊಂಡು ಸಾರಜನಕದ ಪ್ರಮಾಣ ಇಳಿಯುತ್ತದೆ. ಅಂದರೆ ಒಂದು ಹೊರೆ ಹುಲ್ಲಿನಲ್ಲಿ ಪ್ರೋಟೀನು ಕಡಿಮೆ. ಹಾಲಿಗೆ ನೀರು ಬೆರೆಸಿದರೆ ಲೀಟರು ಹೆಚ್ಚುತ್ತದೆ, ಡೇರಿಯಲ್ಲಿ ಫ್ಯಾಟು ನೋಡಿದಾಗ ಗೊತ್ತಾಗುತ್ತದಲ್ಲ. ನೀವು ನೇಪಿಯರ್ ಜತೆ ಕುದುರೆ ಮಸಾಲೆ ಸೇರಿಸಿ ಹಾಕುತ್ತೀರಿ. ಆ ಕುದುರೆ ಮಸಾಲೆ ಕ್ಲೋವರ್‌ನ ನೆಂಟ, ಅದರ ಬೇರಲ್ಲೂ ಗಂಟಿದೆ. "ಹಂಗಾದ್ರೆ ಅದನ್ನೇ ಜಾಸ್ತಿ ಹಾಕ್ಬೇಕು" ಎಂದು ಅವರೇ ತೀರ್ಮಾನ ಮಾಡಿ ಕೂತರು.

ಮತ್ತೆ ಆ ಗೆರೆ ಎಳೆದ ಮಾತಿಗೆ ಬರುತ್ತೇನೆ. ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ವ್ಯತ್ಯಾಸ ಇಲ್ಲ ಎಂದು ಓದಬಾರದು. ಇದರಲ್ಲಿ ನನ್ನ ಅನುಮಾನಗಳು ಮೂರ್ನಾಲ್ಕಿವೆ, ಇವು ನನ್ನವು, ಲೂಷರ್ ಅವರ ತಲೆಗೆ ಕಟ್ಟಬೇಡಿ. ಅನಿಲದ ವೃತ್ತಗಳು ಮೂರೇ. ಒಂದು ಹೊಲದ ಮೂಲೆಗೂ ಇನ್ನೊಂದು ಮೂಲೆಗೂ ಮಣ್ಣೇ ಬೇರೆ ಇರುವಾಗ ಜೀನೋಟೈಪುಗಳ ನಡುವಿನ ಸಣ್ಣ ವ್ಯತ್ಯಾಸ ಆ ಗದ್ದಲದಲ್ಲಿ ಮುಳುಗಿಹೋಗಬಹುದು. ಅವರು ತೂಗಿದ್ದು ನಾಲ್ಕೂವರೆ ಸೆಂಟಿಮೀಟರ್ ಮೇಲಿನದನ್ನು. ಬೇರು, ಹಂಬು, ಬೀಜ ಲೆಕ್ಕದಲ್ಲಿಲ್ಲ. ಇಳುವರಿ ರೈತನ ಲೆಕ್ಕ, ಸಂತಾನ ನಿಸರ್ಗದ ಲೆಕ್ಕ, ಎರಡೂ ಒಂದೇ ಅಲ್ಲ. ಇನ್ನೊಂದು, ಗಾಳಿ 350ರಿಂದ 600ಕ್ಕೆ ಒಂದೇ ದಿನ ಹಾರಿತು. ಹೊರಗಿನ ಜಗತ್ತಿನಲ್ಲಿ ಹಾಗೆ ಹಾರುವುದಿಲ್ಲ. ಕೆನಡಾದ ಕ್ಲಿರೊನೊಮೊಸ್ ಮತ್ತು ಸಂಗಡಿಗರು ಇಂಗಾಲವನ್ನು ಒಂದೇ ಸಲ ಏರಿಸಿದ್ದನ್ನೂ 21 ತಲೆಮಾರುಗಳಲ್ಲಿ ಮೆಲ್ಲಗೆ ಏರಿಸಿದ್ದನ್ನೂ ಹೋಲಿಸಿ 2005ರಲ್ಲಿ ತೋರಿಸಿದರು: ದಿಢೀರ್ ಏರಿಕೆಯಲ್ಲಿ ಬೇರಿನ ಶಿಲೀಂಧ್ರಗಳು ತೋರುವ ಅಬ್ಬರ ನಿಧಾನದ ಏರಿಕೆಯಲ್ಲಿ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಕಾಲ. ಮೂರು ವರ್ಷದಲ್ಲಿ ಅದೇ ತುಂಡುಗಳು ಬೆಳೆದವು, ಹೊಸ ತಲೆಮಾರು ಹುಟ್ಟಲಿಲ್ಲ. ಹೆಚ್ಚು ಕಾಲ ಬಿಟ್ಟರೆ?

ಅದಕ್ಕೆ ಅಮೆರಿಕದ ಮಿನ್ನೆಸೋಟಾದ ಸೀಡರ್ ಕ್ರೀಕ್‌ಗೆ ಹೋಗಬೇಕು. ಅಲ್ಲಿ ಪೀಟರ್ ರೈಶ್ ಮತ್ತು ಬಳಗ ಕಳೆದ ಶತಮಾನದ ಕೊನೆಯಲ್ಲಿ ಶುರುಮಾಡಿದ ಬಯೋಕಾನ್ ಎಂಬ ಪ್ರಯೋಗದಲ್ಲಿ ಎರಡು ಮೀಟರ್ ಚೌಕದ ತಾಕುಗಳು, ಕೆಲವಲ್ಲಿ ಒಂದೇ ಜಾತಿ, ಕೆಲವಲ್ಲಿ 16 ಜಾತಿಗಳವರೆಗೆ. ಹದಿನಾಲ್ಕು ವರ್ಷ ಆದ ಮೇಲೆ ಆ ತಾಕುಗಳಿಂದ ಪೋವಾ ಪ್ರಟೆನ್ಸಿಸ್ ಎಂಬ ಹುಲ್ಲನ್ನು ಕಿತ್ತು ತಂದು ಅದಲುಬದಲಾಗಿ ನೆಟ್ಟರು. ಹೆಚ್ಚು ಇಂಗಾಲದಲ್ಲಿ ಬಾಳಿದ್ದನ್ನು ಮಾಮೂಲು ಗಾಳಿಯಲ್ಲಿ, ಮಾಮೂಲಿನದನ್ನು ಹೆಚ್ಚು ಇಂಗಾಲದಲ್ಲಿ, ಒಂಟಿ ತಾಕಿನದನ್ನು ಗುಂಪಿನಲ್ಲಿ, ಗುಂಪಿನದನ್ನು ಒಂಟಿಯಾಗಿ. 2016ರಲ್ಲಿ ಬಂದ ಉತ್ತರ ಇದು: ಹೆಚ್ಚು ಇಂಗಾಲದಲ್ಲಿ ಬಾಳಿದ ಹುಲ್ಲು ಹೆಚ್ಚು ಇಂಗಾಲದಲ್ಲಿ ಚೆನ್ನಾಗಿಯೇ ಬೆಳೆಯಿತು, ಆದರೆ ತಾನು ಬಾಳಿದಂಥದೇ ನೆರೆಹೊರೆ ಸಿಕ್ಕಾಗ ಮಾತ್ರ. ನೆರೆಹೊರೆ ಬದಲಾದರೆ ಆ ಹೊಂದಾಣಿಕೆ ಕಾಣಲಿಲ್ಲ. ಗುಂಪಿನಲ್ಲಿ ಬಾಳುವುದನ್ನು ಕಲಿತವನನ್ನು ಒಂಟಿ ಮನೆಗೆ ಹಾಕಿದರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ.

ಈ ಪೋವಾ ಬಹುಪಾಲು ಬೀಜವನ್ನು ಗಂಡು ಹೆಣ್ಣು ಕೋಶಗಳು ಕೂಡದೆಯೇ, ತನ್ನದೇ ನಕಲಾಗಿ ಕಟ್ಟುತ್ತದೆ. ಹಾಗಾಗಿ ಅಲ್ಲಿ ನಡೆದದ್ದು ಹೊಸದೇನೋ ಹುಟ್ಟಿದ್ದಕ್ಕಿಂತ ಇದ್ದ ಜೀನೋಟೈಪುಗಳ ಜರಡಿ ಎಂದು ನನ್ನ ಊಹೆ. ನಿಜವಾದರೆ ಎಶಿಕಾನ್‌ನಲ್ಲಿ ಸಿಗದ ವ್ಯತ್ಯಾಸ ಇಲ್ಲಿ ಎಲ್ಲೋ ಅಡಗಿತ್ತು ಎಂದಾಯಿತು.

ಸೀಡರ್ ಕ್ರೀಕ್ ಇನ್ನೊಂದು ಪಾಠವನ್ನೂ ಕಲಿಸಿತು, ಪುಸ್ತಕದ ಮಾತಿಗೆ ಆಮೇಲೆ ಬರುತ್ತೇನೆ ಎಂದಿದ್ದೆನಲ್ಲ. ಮೊದಲ 12 ವರ್ಷ ಸಿ3 ಹುಲ್ಲಿನ ತಾಕುಗಳು ಹೆಚ್ಚು ಇಂಗಾಲದಲ್ಲಿ ಶೇ 20 ಹೆಚ್ಚು ಬೆಳೆದವು, ಸಿ4 ತಾಕುಗಳು ಶೇ 1. ಪುಸ್ತಕ ಹೇಳಿದ್ದಂತೆಯೇ. ಆಮೇಲಿನ ಎಂಟು ವರ್ಷದಲ್ಲಿ ತಿರುಗುಮುರುಗು: ಸಿ4ಗೆ ಶೇ 24 ಏರಿಕೆ, ಸಿ3ಗೆ ಶೇ 2 ಇಳಿಕೆ. ಮಣ್ಣಿನಲ್ಲಿ ಸಾರಜನಕ ಬಿಡುಗಡೆಯಾಗುವ ರೀತಿ ಎರಡು ಕಡೆ ಬೇರೆ ಬೇರೆ ದಿಕ್ಕಿಗೆ ಹೊರಳಿದ್ದು ಇದಕ್ಕೆ ಒಂದು ಕಾರಣ. ಇದು 2018ರಲ್ಲಿ ಪ್ರಕಟವಾದಾಗ ನಾನು ಪಾಠದ ಟಿಪ್ಪಣಿಯ ಒಂದು ಪುಟ ಹರಿದುಹಾಕಬೇಕಾಯಿತು.

ನಮಗೆ ಇದು ದೂರದ ಸುದ್ದಿ ಅಲ್ಲ. ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರಿನ ಅಮೃತಮಹಲ್ ಕಾವಲುಗಳ ಹುಲ್ಲು ಬಹುಪಾಲು ಸಿ4. ಇಂಗಾಲದ ಏರಿಳಿತದಲ್ಲಿ ಸಿ3, ಸಿ4 ಒಂದನ್ನೊಂದು ತಳ್ಳಿದ ಸುಳಿವು ದಕ್ಷಿಣ ಭಾರತದ ನೆಲದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜತೆಗಾರರು ನೀಲಗಿರಿಯ ಜೌಗುಗಳಲ್ಲಿ ಪದರಪದರವಾಗಿ ಕೂತ ಕಪ್ಪು ಮಣ್ಣಿನ ಇಂಗಾಲವನ್ನು ತೂಗಿ 1993ರಲ್ಲಿ ಬರೆದರು. ಸಿ4 ಗಿಡದ ಅವಶೇಷದಲ್ಲಿ ಭಾರದ ಇಂಗಾಲ ಸ್ವಲ್ಪ ಹೆಚ್ಚಿರುತ್ತದೆ, ಅದೇ ಗುರುತು. ಕಳೆದ ಹಿಮಯುಗ ತುದಿಗೇರಿದ್ದಾಗ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 190 ಪಿಪಿಎಂ ಆಸುಪಾಸಿಗೆ ಇಳಿದಿದ್ದಾಗ, ಆ ಬೆಟ್ಟಗಳಲ್ಲಿ ಸಿ4 ಹುಲ್ಲಿನದೇ ಮೇಲುಗೈ. ಒಣಹವೆಯೂ ಅದಕ್ಕೆ ಕಾರಣ, ಇಂಗಾಲವೊಂದೇ ಅಲ್ಲ.

ಪ್ರಯೋಗ ಕಟ್ಟದೆಯೇ ಶತಮಾನಗಳ ಉತ್ತರ ಸಿಗುವ ಜಾಗ ಒಂದಿದೆ, ಇಟಲಿಯ ಟಸ್ಕನಿಯಲ್ಲಿ. ರಾಪೊಲಾನೊ ಎಂಬ ಊರಿನ ಹತ್ತಿರ ಬೊಸ್ಸೊಲೆಟೊ ಎಂಬ ಬಟ್ಟಲಿನಂಥ ಗುಳಿ. ನೆಲದ ಬಿರುಕುಗಳಿಂದ ಇಂಗಾಲದ ಡೈಆಕ್ಸೈಡ್ ಉಕ್ಕುತ್ತಲೇ ಇರುತ್ತದೆ. ಗಾಳಿಗಿಂತ ಭಾರವಾದ್ದರಿಂದ ರಾತ್ರಿ ಗುಳಿಯ ತಳದಲ್ಲಿ ಕೆರೆಯಂತೆ ನಿಲ್ಲುತ್ತದೆ, ಆಗ ಇಳಿದರೆ ಉಸಿರು ಕಟ್ಟಿ ಸಾಯಬೇಕು. ಬಿಸಿಲೇರಿದ ಮೇಲೆ ಚದುರುತ್ತದೆ. ಗುಳಿಯ ಇಳಿಜಾರಿನಲ್ಲಿ ಹುಲ್ಲು, ಹುಲ್ಲಿನ ನಡುವೆ ಪ್ಲಾಂಟಾಗೊ ಎಂಬ ಉದ್ದೆಲೆಯ ಗಿಡ, ತಲೆತಲಾಂತರದಿಂದ ಆ ಗಾಳಿಯನ್ನೇ ಉಂಡು ಬದುಕಿವೆ. ಬ್ರಿಟನ್ನಿನ ಸಂಶೋಧಕರು ಆ ಪ್ಲಾಂಟಾಗೊವನ್ನೂ ಹತ್ತಿರದ ಮಾಮೂಲು ಜಾಗದ್ದನ್ನೂ ತಂದು ಎರಡೂ ಬಗೆಯ ಗಾಳಿಯಲ್ಲಿ ಬೆಳೆಸಿ ಯಾವ ವಂಶವಾಹಿಗಳು ಚುರುಕಾಗಿವೆ ಎಂದು ನೋಡಿದರು. ಗಾಳಿ ಬದಲಿಸಿದಾಗ ಆದ ಬದಲಾವಣೆ ಸ್ವಲ್ಪ, ಹುಟ್ಟಿದ ಊರು ಬೇರೆಯಾದ್ದರಿಂದ ಕಂಡ ವ್ಯತ್ಯಾಸ ಎಷ್ಟೋ ಪಾಲು ಹೆಚ್ಚು. ಅಲ್ಲಿ ಜರಡಿ ಆಡಿದೆ. ಎಷ್ಟು ತಲೆಮಾರು ಹಿಡಿಯಿತು ಎಂಬುದನ್ನು ಆ ಗಿಡ ಹೇಳುವುದಿಲ್ಲ.

ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಗರಿಕೇಲಿ ನಾವೇ ಮಾಡ್ಬಹುದಾ? ಹತ್ತು ಊರಿಂದ ಹತ್ತು ಬುಡ ತರ್ತೀವಿ." ಮಾಡಬಹುದಮ್ಮ. ಆದರೆ ಹತ್ತು ಬುಡ ತಂದರೆ ಹತ್ತು ಜೀನೋಟೈಪ್ ತಂದ ಹಾಗಲ್ಲ. ಗರಿಕೆ ಹಂಬು ಬಿಟ್ಟು ಒಂದು ಮೈದಾನವನ್ನೇ ಆವರಿಸಿಕೊಂಡಿರಬಹುದು, ಯಾರೋ ಒಂದು ಊರಿನ ದೇವಸ್ಥಾನದಿಂದ ಇನ್ನೊಂದು ಊರಿಗೆ ಕಿತ್ತು ತಂದು ನೆಟ್ಟಿರಬಹುದು. ಮೊದಲು ಡಿಎನ್‌ಎ ಗುರುತು ನೋಡಿ ಬೇರೆ ಬೇರೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ತಂದ ಮೇಲೆ ಎಲ್ಲವನ್ನೂ ಒಂದೇ ಮಣ್ಣಿನಲ್ಲಿ, ಒಂದೇ ನೀರಿನಲ್ಲಿ ಒಂದು ವರ್ಷ ಬೆಳೆಸಬೇಕು, ಇಲ್ಲದಿದ್ದರೆ ಹಳೆಯ ಊರಿನ ಗೊಬ್ಬರದ ಪ್ರಭಾವವನ್ನೇ ತಳಿಗುಣ ಎಂದುಕೊಂಡು ಮೋಸಹೋಗುತ್ತೀರಿ. ಆಮೇಲೆ ತುಂಡು ಮಾಡಿ, ತೂಕ ನೋಡಿ, ಒಂದೇ ಅಳತೆಯ ತುಂಡುಗಳನ್ನು ಹಂಚಬೇಕು. ಈ ಎರಡು ಕುಂಡ ಬೇಕಾದರೆ ತೆಗೆದುಕೊಂಡು ಹೋಗು. ಎಡಗಡೆಯದರಲ್ಲಿ ಎರಡು ಗಿಣ್ಣಿದೆ, ಬಲಗಡೆಯದರಲ್ಲಿ ಮೂರು. ನಿನ್ನೆ ಕತ್ತರಿಸುವಾಗ ನಾನೇ ಅಷ್ಟು ನೋಡಿರಲಿಲ್ಲ.